ಅಣ್ಣನ ಜೇಬಿನಲ್ಲಿ ಆರು ಅಂಕಿ

ಅಣ್ಣ ತಂಗಿಗೆ ಇನ್ನೂ ಆರು ಅಂಕಿ ಬಾಕಿ ಇಟ್ಟುಕೊಂಡಿದ್ದಾನೆ. ಬ್ಯಾಂಕಿನಿಂದ ಫೋನಿಗೆ ಬರುವ ಓಟಿಪಿಯ ಆರು ಅಂಕಿ. ದುಡ್ಡು ತಂಗಿಯದು, ಖಾತೆ ತಂಗಿಯದು, ಪಾಸ್‌ವರ್ಡ್ ಅವಳ ತಲೆಯಲ್ಲೇ ಇದೆ. ಓಟಿಪಿ ಮಾತ್ರ ಸಮುದ್ರದಾಚೆ ಅಣ್ಣನ ಅಂಗಿ ಜೇಬಿನೊಳಗೆ ಹೋಗಿ ಕೂರುತ್ತದೆ.

ತಂಗಿಯನ್ನು ಎಲ್ಲರೂ ಇಸ್ತ್ರಿ ಅಕ್ಕ ಅನ್ನುತ್ತಾರೆ. ಹೊರದೇಶದ ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳ ಕೆಲಸ. ಒದ್ದೆ ಚಾದರದ ಎರಡು ಮೂಲೆ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಬೆರಳು ತುಸು ಮುಂದೆ ಹೋದರೆ ಚಾದರದ ಜೊತೆ ಚರ್ಮಕ್ಕೂ ಇಸ್ತ್ರಿ. ಆ ಬದಿಯಲ್ಲಿ ಜೊತೆಗಾತಿ ನಿಂತು ಚಾದರ ಮಡಚಿ ಪೇರಿಸುತ್ತಾಳೆ. ಕಿಟಕಿ ಇಲ್ಲ. ಹೊರಗೆ ಬಿಸಿಲೋ ಮಳೆಯೋ ಅಂತ ತಿಳಿಯಬೇಕಾದರೆ ಮೇಲಿಂದ ಬರುವ ಟವೆಲ್ಲುಗಳನ್ನೇ ನೋಡಬೇಕು.

ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಅಣ್ಣನ ಮನೆಯ ನಡುಕೋಣೆಯಲ್ಲಿ ಮಲಗುತ್ತಿದ್ದಳು. ಯಾರಾದರೂ ನೀರು ಕುಡಿಯಲು ಎದ್ದರೆ ಅವಳ ಕಾಲು ದಾಟಿ ಹೋಗಬೇಕು. ಬೆಳಕು ಹರಿಯುವ ಮೊದಲೇ ಚಾಪೆ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಬೇಕು. ಸಾಯುವ ಮೊದಲು ಒಂದಿನವಾದರೂ ಹಾಸಿದ ಚಾಪೆ ಹಾಸಿದ ಹಾಗೇ ಇರುವ ಮನೆ ಬೇಕು ಅಂತ ಹೊರದೇಶಕ್ಕೆ ಹೊರಟಳು.

ಹೊರಡುವ ಮುಂಚೆ ಬ್ಯಾಂಕಿನ ಗುಮಾಸ್ತ, "ನಿಮ್ಮ ಸಿಮ್ ಅಲ್ಲಿ ನಡೆಯುತ್ತೋ ಇಲ್ವೋ. ಮನೇಲಿ ಗಂಡಸರದು ಯಾರದಾದ್ರೂ ನಂಬರ್ ಕೊಡಿ" ಅಂದ. ಕೊಟ್ಟಳು. ಗಂಡಸರದೇ ಯಾಕೆ ಅಂತ ಅವತ್ತು ಯಾರೂ ಕೇಳಲಿಲ್ಲ.

ಅಣ್ಣ ಕಳ್ಳನಲ್ಲ. ಅವಳ ಖಾತೆಯ ಒಂದು ಕಾಸೂ ಮುಟ್ಟಿದವನಲ್ಲ. ಕಳ್ಳನಾಗಿದ್ದರೆ ಪೊಲೀಸರಿಗೆ ಹೇಳಬಹುದಿತ್ತು. ಒಳ್ಳೆಯವನು, ಅದೇ ಫಜೀತಿ. ಓಟಿಪಿ ಕೇಳಿದಾಗಲೆಲ್ಲ ಅವನು ಮೊದಲು ಊಟ ಆಯ್ತಾ ಅನ್ನುತ್ತಾನೆ. ಆಮೇಲೆ ಎಷ್ಟು, ಯಾರಿಗೆ, ಯಾಕೆ. ಲಾಂಡ್ರಿಯಲ್ಲಿ ಫೋನು ಲಾಕರಿನೊಳಗೇ ಇರಬೇಕು, ಊಟದ ಬಿಡುವಿನಲ್ಲಷ್ಟೇ ಕೈಗೆ ಸಿಗುತ್ತದೆ. ಅಣ್ಣನ ಯಾಕೆಗಳು ಮುಗಿಯುವಷ್ಟರಲ್ಲಿ ಓಟಿಪಿ ಸತ್ತಿರುತ್ತದೆ, ಬಿಡುವೂ ಸತ್ತಿರುತ್ತದೆ.

ನಂಬರ್ ಬದಲಿಸಿಕೊಡಿ ಅಂತ ಬ್ಯಾಂಕಿಗೂ ಫೋನ್ ಮಾಡಿದಳು. ಆ ಕಡೆಯ ಹುಡುಗಿ ಜೇನು ಸುರಿಸಿದ ಹಾಗೆ, "ಖಂಡಿತ ಮೇಡಂ. ಅದಕ್ಕೆ ನಿಮ್ಮ ಹಳೇ ನಂಬರಿಗೆ ಒಂದು ಓಟಿಪಿ ಕಳಿಸ್ತೀವಿ" ಅಂದಳು. ಅದಾಗದಿದ್ದರೆ ಖುದ್ದಾಗಿ ಬರಬೇಕಂತೆ. ರಜೆಗೆ ಇನ್ನೂ ಒಂದು ವರ್ಷವಿತ್ತು.

ಅಷ್ಟರಲ್ಲಿ ಮನೆ ಸಿಕ್ಕಿತು. ಊರಿನ ಮಾರ್ಕೆಟ್ ಹಿಂದೆ ಎರಡು ಕೋಣೆ, ಒಂದು ಬಚ್ಚಲು, ಬೀದಿಗೆ ತೆರೆಯುವ ಸ್ವಂತ ಬಾಗಿಲು. ಮಾರುವವಳು ವಯಸ್ಸಾದ ದರ್ಜಿ ಹೆಂಗಸು. "ಶನಿವಾರದೊಳಗೆ ಮುಂಗಡ ಬಂದ್ರೆ ನಿಂದು. ಇಲ್ಲಾಂದ್ರೆ ಪಾತ್ರೆ ಅಂಗಡಿಯವನು ಕಾಯ್ತಿದಾನೆ" ಅಂತ ಫೋನಿನಲ್ಲಿ ಹೇಳಿದಳು.

ಬಿಡುವಿನಲ್ಲಿ ಇಸ್ತ್ರಿ ಅಕ್ಕ ಅಣ್ಣನಿಗೆ ಫೋನ್ ಹಚ್ಚಿದಳು.

"ಅಣ್ಣಾ, ಒಂದು ಓಟಿಪಿ ಬಂದಿದೆ, ಹೇಳು."

"ಊಟ ಆಯ್ತಾ?"

"ಆಯ್ತು. ಹೇಳು ಬೇಗ."

"ಇಷ್ಟೊಂದು ದುಡ್ಡು! ಯಾರಿಗೇ?"

ಮನೆಯ ವಿಷಯ ಹೇಳಿದಳು. ಅಣ್ಣನ ದನಿ ಬದಲಾಯಿತು. "ಅಣ್ಣ ಬದುಕಿರುವಾಗ ನಿನಗೆ ಬೇರೆ ಮನೆ ಯಾಕೆ? ಜನ ನನ್ನ ಮುಖಕ್ಕೆ ಉಗೀತಾರೆ. ಅದೇ ದುಡ್ಡು ಹಾಕು, ನಮ್ಮ ಮನೆ ಮೇಲೆ ಮಹಡಿ ಎಬ್ಬಿಸೋಣ. ಮೇಲೆ ನೀನಿರು."

"ಮಹಡಿ ಯಾರ ಹೆಸರಲ್ಲಿ?"

"ಹೆಸರು ಕಟ್ಕೊಂಡು ಏನ್ ಮಾಡ್ತೀಯ? ನೋಡು ತಾಯಿ, ಇಲ್ಲಿ ಬ್ಯಾಂಕಿನವರೇ ಬರೆದಿದಾರೆ. ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ."

"ಯಾರಿಗೂ ಅಂದ್ರೆ ಕಳ್ಳರಿಗೆ. ದುಡ್ಡು ನಂದು!"

"ಕಾನೂನು ಎಲ್ಲರಿಗೂ ಒಂದೇ" ಅಂತ ನಕ್ಕು ಫೋನ್ ಇಟ್ಟ.

ಇಸ್ತ್ರಿ ಅಕ್ಕ ರೋಲರಿಗೆ ವಾಪಸ್ಸಾದಳು. ಜೊತೆಗಾತಿ ಅವಳ ಮುಖ ನೋಡಿ, "ಏನಕ್ಕಾ, ಕೊಟ್ನಾ?" ಅಂದಳು.

"ಉಪದೇಶ ಕೊಟ್ಟ."

"ಉಪದೇಶ ಬ್ಯಾಂಕಲ್ಲಿ ನಡೆಯಲ್ವಲ್ಲ."

ಇಬ್ಬರೂ ನಕ್ಕರು. ನಗದೆ ಏನು ಮಾಡುತ್ತಾರೆ, ಚಾದರ ಬರುತ್ತಲೇ ಇತ್ತು.

ಶನಿವಾರ ಬಂತು. ಇನ್ನೊಂದು ಸಲ ನೋಡೇ ಬಿಡೋಣ ಅಂತ ಓಟಿಪಿ ಕಳಿಸುವ ಗುಂಡಿ ಒತ್ತಿ ಫೋನ್ ಮಾಡಿದಳು. ಎತ್ತಿದ್ದು ಅತ್ತಿಗೆ. ಅಣ್ಣ ಸ್ನಾನಕ್ಕೆ ಹೋಗಿದ್ದ, ಅಂಗಿ ಮೊಳೆಯಲ್ಲಿತ್ತು, ಜೇಬು ಅಲ್ಲೇ ಗುಂಯ್‌ಗುಡುತ್ತಿತ್ತು.

ಅತ್ತಿಗೆಗೂ ನಾದಿನಿಗೂ ಎಂದೂ ಸರಿಬಂದಿರಲಿಲ್ಲ. ಉಪ್ಪು, ಸೋಪು, ಬಕೆಟ್ಟು, ಯಾವುದಕ್ಕೂ ಜಗಳ. ಆದರೂ ಇಸ್ತ್ರಿ ಅಕ್ಕ ಕೇಳಿದಳು.

"ಅತ್ತಿಗೆ, ಆ ಫೋನಿಗೆ ಒಂದು ಮೆಸೇಜ್ ಬಂದಿರುತ್ತೆ. ಅದರಲ್ಲಿರೋ ಅಂಕಿ ಓದ್ತೀರಾ?"

ಬಚ್ಚಲಿನಲ್ಲಿ ಚೊಂಬಿನಿಂದ ನೀರು ಸುರಿಯುವ ಸದ್ದು ಫೋನಿನಲ್ಲೂ ಕೇಳುತ್ತಿತ್ತು.

"ತಾಳು, ಕಿವಿಯಿಂದ ತೆಗೆದು ನೋಡ್ತೀನಿ" ಅಂದ ಅತ್ತಿಗೆ ಒಂದೊಂದೇ ಅಂಕಿ ಓದಿದಳು. ಎಷ್ಟು ಅನ್ನಲಿಲ್ಲ. ಯಾರಿಗೆ, ಯಾಕೆ ಅನ್ನಲಿಲ್ಲ. ಓದಿ ಮುಗಿಸಿ, "ಹೋಯ್ತಾ?" ಅಂದಳು.

"ಹೋಯ್ತು ಅತ್ತಿಗೆ."

"ನಿಮ್ಮಣ್ಣ ಬೈತಿದ್ರಲ್ಲ, ಆ ಮನೇಲಿ ನನಗೂ ಒಂದು ಚಾಪೆ ಇಡು. ಇಲ್ಲಿ ಗಲಾಟೆಯಾದ ದಿನ ಬರ್ತೀನಿ. ನಂಗೂ ಹೋಗಕ್ಕೆ ಒಂದು ಜಾಗ ಬೇಡ್ವಾ?"

ಗಲಾಟೆ ಅವತ್ತೇ ಆಯಿತು. ಅಣ್ಣ ಎರಡು ದಿನ ಹೆಂಡತಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಫೋನಿಗೆ ಬೀಗ ಹಾಕಿಸಿಕೊಂಡು ಬಂದ. ಈಗ ಫೋನು ಪ್ಲಾಸ್ಟಿಕ್ ಚೀಲ ಹೊದ್ದು ಅವನ ಜೊತೆ ಸ್ನಾನಕ್ಕೂ ಹೋಗುತ್ತದೆ.

ಮುಂಗಡ ತಲುಪಿದೆ. ಉಳಿದ ದುಡ್ಡು ಖಾತೆಯಲ್ಲೇ ಬಿದ್ದಿದೆ. ಅಲುಗಬೇಕಾದರೆ ಮತ್ತೆ ಆರು ಅಂಕಿ ಬೇಕು. ದರ್ಜಿ ಹೆಂಗಸು ಸದ್ಯಕ್ಕೆ ತಡೆದುಕೊಂಡಿದ್ದಾಳೆ, ಆದರೆ ಅವಳಿಗೂ ಹೊಟ್ಟೆಯಿದೆ. ಇಸ್ತ್ರಿ ಅಕ್ಕ ಸಂಬಳವಿಲ್ಲದ ರಜೆಯಾದರೂ ಸರಿ ಕೊಡಿ ಅಂತ ಮೇಲ್ವಿಚಾರಕನ ಬೆನ್ನು ಬಿದ್ದಿದ್ದಾಳೆ. ಸಿಕ್ಕಿದರೆ ಇಳಿದವಳೇ ನೇರ ಬ್ಯಾಂಕಿಗೆ, ಅಣ್ಣನ ಮನೆಗಲ್ಲ.

ಅವಳ ಪಾಡು ಅವಳು ನೋಡಿಕೊಳ್ಳುತ್ತಾಳೆ. ನೀವು ಈಗ ನಿಮ್ಮ ಫೋನು ತೆಗೆಯಿರಿ. ತಂಗಿಯದೋ ಹೆಂಡತಿಯದೋ ಅತ್ತೆಯದೋ ದುಡ್ಡಿನ ಓಟಿಪಿ ನಿಮ್ಮ ಜೇಬಿಗೆ ಬರುತ್ತಿದೆಯಾ? ನಾನು ಒಳ್ಳೆಯವನು ಅನ್ನಬೇಡಿ, ಅಣ್ಣನೂ ಒಳ್ಳೆಯವನೇ. ಅವಳನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ ನಿಮ್ಮ ನಂಬರ್ ತೆಗೆಸಿ ಅವಳದ್ದು ಬರೆಸಿ. ದೂರದಲ್ಲಿದ್ದರೆ, ಅವಳು ಬರುವ ತನಕ ಅಂಕಿ ಓದಿ ಹೇಳಿ. ಯಾಕೆ ಅಂತ ಕೇಳಬೇಡಿ.