ಮೆಟ್ಟಿಲ ಕೆಳಗಿನ ರೀಸ್ಲಿಂಗ್

ಶನಿವಾರ ಬೆಳಕು ಹರಿಯುವ ಮೊದಲು ನೀಲಾಂಬಿಕಾ ಮುಗಿಸಬೇಕಾದ ಕೆಲಸಗಳು ಇವು: ಕಾಫಿ ಫಿಲ್ಟರಿಗೆ ಪುಡಿ ತುಂಬಿ ಕುದಿನೀರು ಹೊಯ್ಯುವುದು. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಮಷೀನಿನಿಂದ ಬಟ್ಟೆ ತೆಗೆದು ಕೋಣೆ ಬೆಚ್ಚಗಿಡುವ ರೇಡಿಯೇಟರುಗಳ ಮೇಲೆ ಹರವುವುದು. ಅತ್ತೆಯ ಮಾತ್ರೆ, ಬಿಸಿನೀರು ಅವರ ಕೋಣೆಗೆ ಮುಟ್ಟಿಸುವುದು. ಬೇಳೆ ಕೂಗಿಸಿ ಹುಳಿ ಮಾಡುವುದು, ಅದರ ಒಗ್ಗರಣೆಯನ್ನೂ ಆಗಲೇ ಸಿಡಿಸಿಬಿಡುವುದು. ಸಂಜೆಯ ಹೊತ್ತಿಗೆ ಮನೆಯಲ್ಲಿ ಇಂಗಿನ ವಾಸನೆ ಇರಕೂಡದು. ಆಮೇಲೆ, ಗೂಡಿನಲ್ಲಿದ್ದ ವೈನ್ ಗ್ಲಾಸುಗಳನ್ನೆಲ್ಲ ಇಳಿಸಿ, ಸೋಪು ಮುಟ್ಟಿಸದೆ ಬರೀ ಬಿಸಿನೀರಿನಲ್ಲಿ ತೊಳೆದು, ನಾರು ಬಿಡದ ಬಟ್ಟೆಯಿಂದ ಒರೆಸಿ, ಒಂದೊಂದನ್ನೂ ದೀಪಕ್ಕೆ ಹಿಡಿದು ನೋಡುವುದು.

ಕೊನೆಯದು ಚಟ್ನಿ. ನೆದರ್‌ಲ್ಯಾಂಡ್ಸಿನ ಹೂಫ್‌ಡಾರ್ಪ್ ಊರಿನ ಈ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ಮುಂಜಾನೆಯ ಮಿಕ್ಸಿ ಸದ್ದಿಗೆ ಪಕ್ಕದ ಮನೆಯ ಅಜ್ಜ ಒಮ್ಮೆ ಬಂದು ಬಹಳ ವಿನಯದಿಂದ ದೂರಿದ್ದ. ಅಂದಿನಿಂದ ಅವಳು ಮಿಕ್ಸಿಯನ್ನು ಮೆಟ್ಟಿಲ ಕೆಳಗಿನ ಕಪಾಟಿನೊಳಗೆ ಒಯ್ದು, ಸುತ್ತ ಟವೆಲ್ ಹೊದಿಸಿ, ಬಾಗಿಲು ಎಳೆದುಕೊಂಡು, ಕುಕ್ಕರುಗಾಲಿನಲ್ಲಿ ಕುಳಿತು ರುಬ್ಬುತ್ತಾಳೆ. ಅವಳ ಗಂಡ ಸುಜಯ್‌ನ ವೈನ್ ಬಾಟಲಿಗಳು ಮಲಗಿರುವುದೂ ಅದೇ ಕಪಾಟಿನಲ್ಲಿ. "ವೈಬ್ರೇಷನ್ ವೈನಿಗೆ ಒಳ್ಳೇದಲ್ಲ ನೀಲಾ" ಎಂದು ಅವನು ಹೇಳಿದ್ದುಂಟು. ಚಟ್ನಿ ಬೇಡ ಎಂದು ಮಾತ್ರ ಹೇಳಿದ್ದಿಲ್ಲ.

ಕೆಳಸಾಲಿನ ತುದಿಯಲ್ಲಿ, ಗೋಡೆಯ ಕಡೆಗೆ ಕತ್ತು ಮಾಡಿ ಮಲಗಿದ್ದ ಬಾಟಲಿ ಅವಳದು. ಲೇಬಲ್ಲಿನ ಮೇಲೆ ಸುಜಯ್ ಮಾರ್ಕರಿನಲ್ಲಿ "ನೀಲಾ" ಎಂದು ಕನ್ನಡದಲ್ಲೇ ಬರೆದಿದ್ದ. ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್, ಬಿಳಿ ವೈನು. ಬರುವ ಮಾರ್ಚಿಗೆ ಅವಳಿಗೆ ನಲವತ್ತು ತುಂಬುತ್ತದೆ. ಆ ದಿನ ಅದರ ಮುಚ್ಚಳ ತಿರುಗಿಸುವವಳು ಅವಳು, ಮೊದಲ ಗ್ಲಾಸು ಅವಳದು, ಕಾರು ಓಡಿಸುವವನು ಅವನು. ಹಾಗೆಂದು ಮಾತಾಗಿತ್ತು. ಮಿಕ್ಸಿ ನಿಂತ ಮೇಲಿನ ನಿಶ್ಶಬ್ದದಲ್ಲಿ ಅವಳು ದಿನಾ ಅದನ್ನೊಮ್ಮೆ ಮುಟ್ಟಿ ನೋಡಿ ಹೊರಗೆ ಬರುತ್ತಿದ್ದಳು. ಅಂದೂ ಮುಟ್ಟಿದಳು.

ಎಂಟು ವರ್ಷಗಳ ಹಿಂದೆ ಅವರು ಆಸ್ಟ್ರೇಲಿಯಾಕ್ಕೆ ಹೋದಾಗ ಮಗಳು ಸ್ಮೃತಿಗೆ ಒಂದೂವರೆ ವರ್ಷ. ಸುಜಯ್ ಬೆಂಗಳೂರಿನಲ್ಲಿ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿದವನಲ್ಲ. ಕಾರು ಕಲಿತದ್ದು ನೆದರ್‌ಲ್ಯಾಂಡ್ಸಿಗೆ ಬಂದ ಮೇಲೆ, ರಸ್ತೆಯ ಬಲಗಡೆಗೆ. ಅಡಿಲೇಡ್ ಏರ್‌ಪೋರ್ಟಿನಲ್ಲಿ ಬಾಡಿಗೆ ಕಾರಿನ ಸ್ಟಿಯರಿಂಗು ಮುಟ್ಟಿದವನೇ ಕೆಳಗಿಳಿದುಬಿಟ್ಟ. "ಲೆಫ್ಟ್ ಸೈಡು ನನ್ ಕೈಲಾಗಲ್ಲ ಮಾರಾಯ್ತಿ. ನೀನೇ ಓಡ್ಸು." ನೀಲಾ ದಾವಣಗೆರೆಯಲ್ಲಿ ಕಾಲೇಜಿಗೆ ಹೋಗುವಾಗಲೇ ಅಪ್ಪನ ಓಮ್ನಿಯಲ್ಲಿ ಅಂಗಡಿಗೆ ಪೈಪು, ಸಿಮೆಂಟು ಸಾಗಿಸಿದವಳು. ಅಪ್ಪ ಕಲಿಸಿಕೊಟ್ಟ ಆ ಒಂದು ವಿದ್ಯೆಯ ಬಗ್ಗೆ ಅವಳಿಗೆ ಹೆಮ್ಮೆಯಿತ್ತು. ಆ ಹೆಮ್ಮೆಯಲ್ಲೇ ಹೋಗಿ ಕುಳಿತಳು. ಓಡಿಸುವವರು ಕುಡಿಯುವ ಹಾಗಿಲ್ಲ ಎಂಬುದು ಮೊದಲ ವೈನರಿಯ ಕೌಂಟರಿನಲ್ಲಿ, ಗ್ಲಾಸು ಕೈಗೆ ಬಂದಾಗ ಇಬ್ಬರಿಗೂ ಹೊಳೆಯಿತು. "ಮುಂದಿನ ಸಲ ನಾನು ಓಡಿಸ್ತೀನಿ, ನೀನು ಕುಡಿ" ಎಂದ ಸುಜಯ್. ಸುಳ್ಳು ಹೇಳಬೇಕೆಂದು ಹೇಳಿದವನಲ್ಲ. ಆಗ ಅವನಿಗೂ ಹಾಗೇ ಅನ್ನಿಸಿತ್ತು.

ಹೀಗೆ ಅವಳು ಆ ವೈನರಿಗಳನ್ನೆಲ್ಲ ಮೂಗಿನಲ್ಲೇ ನೋಡಿದಳು. ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಗ್ಲಾಸು. ಬರೋಸಾದ ಕೆಂಪು ವೈನು ಶಿರಾಜ್ ಎಂದರೆ ನಾಲಿಗೆ ನೀಲಿಗಟ್ಟುವಷ್ಟು ನೇರಳೆಹಣ್ಣು ತಿಂದು, ಮೇಲೆ ನಾಲ್ಕು ಕಾಳುಮೆಣಸು ಅಗಿದ ಹಾಗೆ; ಹಿಂದೆಲ್ಲೋ ಬಡಗಿ ಈಗಷ್ಟೇ ಹತ್ತರಿ ಹೊಡೆದ ಮರ. ಕೂನವಾರದಲ್ಲಿ ಬಳ್ಳಿಗಳ ಬುಡದ ಮಣ್ಣು ಚಿತ್ರದುರ್ಗದ ಕಡೆಯ ಮಣ್ಣಿನಷ್ಟು ಕೆಂಪಗಿತ್ತು. ಅಲ್ಲಿಯ ಕ್ಯಾಬರ್ನೆ ಮೂಸಿದರೆ ನೆಗಡಿಯಾದಾಗ ಅಮ್ಮ ಬಿಸಿನೀರಿಗೆ ಬಿಡುತ್ತಿದ್ದ ನೀಲಗಿರಿ ಎಣ್ಣೆ, ತಲೆ ಮೇಲೆ ಹೊದೆಸುತ್ತಿದ್ದ ಕಂಬಳಿ. ರದರ್‌ಗ್ಲೆನ್ನಿನ ಸಿಹಿ ಮಸ್ಕಟ್ ಅಂತೂ ಪಾಯಸಕ್ಕೆಂದು ತುಪ್ಪದಲ್ಲಿ ಹುರಿದ ದ್ರಾಕ್ಷಿ, ತಳ ಹತ್ತಿದ ಬೆಲ್ಲದ ಪಾಕ. "ನಿಂಗೇನ್ ಬರ್ತಿದೆ ನೀಲಾ?" ಎಂದು ಸುಜಯ್ ಕೇಳುವನು, ಅವಳು ಹೇಳುವಳು. ರಾತ್ರಿ ಮೋಟೆಲಿನಲ್ಲಿ ಅವಳು ಮಗುವಿನ ಹಾಲಿನ ಬಾಟಲಿ ಕುದಿಸುತ್ತಿದ್ದರೆ ಅವನು ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಇಂಟರ್‌ನೆಟ್ಟಿನ ತನ್ನ ವೈನ್ ಪೇಜಿನಲ್ಲಿ ಹಾಕುವನು. ಹೊಗಳಿದವರಿಗೆಲ್ಲ ಥ್ಯಾಂಕ್ಸ್ ಹೇಳುವನು.

ಕ್ಲೇರ್ ಕಣಿವೆಯ ಪುಟ್ಟ ವೈನರಿಯಲ್ಲಿ ಸುರಿದುಕೊಡುತ್ತಿದ್ದವಳು ಎಪ್ಪತ್ತರ ಆಸುಪಾಸಿನ ಹೆಂಗಸು. ನೀಲಾ ಪ್ರತಿ ಗ್ಲಾಸನ್ನೂ ಕಣ್ಣು ಮುಚ್ಚಿ ಮೂಸಿ ಹಾಗೇ ಕೆಳಗಿಡುವುದನ್ನು ಅವಳು ನೋಡುತ್ತಲೇ ಇದ್ದಳು. ಆ ರೀಸ್ಲಿಂಗಿನಲ್ಲಿ ಆಗ ತಾನೇ ಉಗುರಿನಿಂದ ಗೀರಿದ ನಿಂಬೆಸಿಪ್ಪೆಯ ಘಮವಿತ್ತು, ಮಳೆ ಬಿದ್ದ ಚಪ್ಪಡಿಕಲ್ಲಿನ ತಂಪಿತ್ತು. ನೀಲಾ ಅದನ್ನು ಬೇಗ ಕೆಳಗಿಡಲಿಲ್ಲ. "ಇದನ್ನು ಕೊಂಡುಹೋಗಿ ಇಡು. ವರ್ಷ ಕಳೆದ ಹಾಗೆ ನಿಂಬೆ ಹಿಂದೆ ಸರಿದು ಸೀಮೆಎಣ್ಣೆ ಮುಂದೆ ಬರುತ್ತದೆ. ಹೆದರಬೇಡ, ಅದೇ ಅದರ ಗುಣ. ನೀನು ಯಾರನ್ನೂ ಕಾರಿನಲ್ಲಿ ಕರೆದೊಯ್ಯಬೇಕಿಲ್ಲದ ದಿನ ತೆಗೆ" ಎಂದಳು ಆ ಹೆಂಗಸು. ಸುಜಯ್ ನಕ್ಕು ಒಂದು ಬಾಟಲಿ ಕೊಂಡ. ಅವತ್ತೇ ಮಾರ್ಕರಿನಲ್ಲಿ ಹೆಸರು ಬರೆದ.

ಆಮೇಲಿನ ಎಂಟು ವರ್ಷ ಅವಳು ವೈನು ಕುಡಿಯಲಿಲ್ಲವೆಂದಲ್ಲ. ತಿಂಗಳಿಗೊಂದು ಶನಿವಾರ ಅವರ ಮನೆಯಲ್ಲಿ ಸ್ನೇಹಿತರು ಸೇರಿ ಆಸ್ಟ್ರೇಲಿಯಾದ ವೈನು ಸವಿಯುವ ಕೂಟ. ಬಡಿಸಿ, ಕರಿದು, ಬಂದವರನ್ನು ಸ್ಟೇಷನ್ನಿಗೆ ಬಿಟ್ಟು, ಅವರು ವೈನಿನ ರುಚಿ ನೋಡಿ ಉಗುಳಿದ ಸ್ಟೀಲು ಬೋಗುಣಿಯನ್ನು ಚೆಲ್ಲಿ ತೊಳೆದು ಅವಳು ಕೂರುವ ಹೊತ್ತಿಗೆ ಬಾಟಲಿಗಳ ತಳದಲ್ಲಿ ಏನಾದರೂ ಇದ್ದರೆ ಇರುತ್ತಿತ್ತು. ಬೆಚ್ಚಗಾಗಿ, ಗಾಳಿ ಕುಡಿದು, ಕಳೆಗುಂದಿ. ಬಾಟಲಿಯ ತಳದಲ್ಲಿ ಅವಳು ನೋಡದ ರುಚಿಯಿಲ್ಲ. ಕತ್ತಿನಿಂದ ಬಂದದ್ದು ಹೇಗಿರುತ್ತದೆಂದು ಗೊತ್ತಿಲ್ಲ.

ಜನವರಿಯ ಆ ಶನಿವಾರ ಕೂಟದ ವಸ್ತು "ಹಳೆಯ ಬಿಳಿ ವೈನುಗಳು". ಯಾವುದು ಯಾವ ವೈನೆಂದು ತಿಳಿಯದ ಹಾಗೆ ಬಾಟಲಿಗಳಿಗೆ ಸ್ಮೃತಿಯ ಉದ್ದನೆಯ ಫುಟ್‌ಬಾಲ್ ಸಾಕ್ಸ್ ತೊಡಿಸುವುದು ಪದ್ಧತಿ. ಸಾಕ್ಸ್ ಒಗೆದು ಒಣಗಿಸಿ ಕೊಡುವುದಷ್ಟೇ ನೀಲಾಳ ಪಾಲು, ತೊಡಿಸುವುದು ಸುಜಯ್. "ದಟ್ಸ್ ಮೈ ಸಾಕ್, ಪಪ್ಪಾ" ಎಂದು ಸ್ಮೃತಿ ಸಿಡುಕಿ ಮಾಳಿಗೆಗೆ ಹೋದಳು. ಸುಜಯ್‌ನ ತಾಯಿ ಭಾನುಮತಿ ಊದುಬತ್ತಿಯ ಪೊಟ್ಟಣ ಹಿಡಿದುಕೊಂಡು ದೇವರ ಗೂಡಿನ ಮುಂದೆ ನಿಂತಿದ್ದರು.

"ಶನಿವಾರ ದೇವರಿಗೂ ರಜಾನೇನೋ?"

"ಒಂದಿನ ಅಡ್ಜಸ್ಟ್ ಮಾಡ್ಕೋಮ್ಮ. ಆ ಸ್ಮೆಲ್ಲಲ್ಲಿ ಏನೂ ಗೊತ್ತಾಗಲ್ಲ."

"ಸರಿಯಪ್ಪ. ಅವನಿಗೆ ಸೀನು ಬರೋದಾದ್ರೂ ತಪ್ಪತ್ತೆ" ಎಂದು ಅವರು ಪೊಟ್ಟಣ ಒಳಗಿಟ್ಟರು.

ಕರಿಯುವ ವಾಸನೆಯೂ ಒಳಗೆ ಬರಕೂಡದಲ್ಲ. ಹಿತ್ತಿಲ ಮರದ ಶೆಡ್ಡಿನಲ್ಲಿ, ಸೈಕಲ್ಲುಗಳ ನಡುವೆ ಕರೆಂಟಿನ ಒಲೆ ಇಟ್ಟುಕೊಂಡು, ಕೋಟು ತೊಟ್ಟು, ನೀಲಾ ಬಜ್ಜಿ ಕರಿಯುತ್ತಿದ್ದಳು. ಒಂದು ಬಾಣಲೆ ಮುಗಿದಾಗೊಮ್ಮೆ ತಟ್ಟೆ ಹಿಡಿದು ಹಿತ್ತಿಲು ದಾಟಿ ಒಳಗೆ ಬರುವುದು, ಮತ್ತೆ ಹೋಗುವುದು. ಮೂರನೆಯ ಸಲ ಬಂದಾಗ ಚಳಿಗೆ ಅವಳ ಮೂಗು ಕೆಂಪಗಾಗಿ ತಿಳಿಯಾಗಿತ್ತು. ಟೇಬಲ್ಲಿನ ಸುತ್ತ ಇದ್ದವರು ಸುಜಯ್, ಜೈಡಾಸ್ ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಯತಿರಾಜ್, ಟಿಲ್‌ಬರ್ಗಿನಲ್ಲಿ ಸಂಶೋಧನೆ ಮಾಡುವ ಹುಡುಗಿ ನಿಸರ್ಗ.

"ಇದು ಪೆಟ್ರೋಲ್ ಬಂಕು ಕಣೋ" ಎನ್ನುತ್ತಿದ್ದ ಯತಿರಾಜ್. "ಕುಡಿಯೋದಾ, ಟ್ಯಾಂಕಿಗೆ ಹಾಕೋದಾ?"

"ಜರ್ಮನ್ನಾ ಸರ್?" ಎಂದಳು ನಿಸರ್ಗ.

ತಟ್ಟೆ ಇಡಲು ಬಾಗಿದ ನೀಲಾ ಹಾಗೇ ನಿಂತಳು. ಸೀಮೆಎಣ್ಣೆ. ಅಜ್ಜಿಯ ಬತ್ತಿ ಸ್ಟೋವು, ಸೊಸೈಟಿ ಅಂಗಡಿಯ ಮುಂದೆ ಕ್ಯಾನು ಹಿಡಿದು ನಿಲ್ಲುತ್ತಿದ್ದ ಸಾಲು. ಅದರ ಬೆನ್ನ ಹಿಂದೆ, ಬಹಳ ದೂರದಲ್ಲಿ, ಗೀರಿದ ನಿಂಬೆಸಿಪ್ಪೆ.

"ಕ್ಲೇರ್" ಎಂದಳು.

ಸುಜಯ್ ಚಪ್ಪಾಳೆ ತಟ್ಟಿದ. "ನೋಡಿದ್ರಾ? ಬಾಯಿಗೂ ಇಡಲಿಲ್ಲ." ಸಾಕ್ಸ್ ಕೆಳಗೆ ಎಳೆದ. ಲೇಬಲ್ಲಿನ ಮೇಲೆ ಅವಳ ಹೆಸರಿತ್ತು. ಬಾಟಲಿ ಖಾಲಿಯಾಗಿತ್ತು.

"ಮಾರ್ಚಿಗೆ ಅಂದಿದ್ಯಲ್ಲ" ಎಂದಳು ನೀಲಾ.

"ಅಯ್ಯೋ, ಹೇಳೋಣ ಅಂದ್ರೆ ನೀನು ಶೆಡ್ಡಲ್ಲಿದ್ದೆ. ಈ ವೈನು ಈಗ ಪೀಕಲ್ಲಿದೆ ನೀಲಾ, ಇನ್ನೂ ಇಟ್ಟಿದ್ರೆ ಇಳೀತಿತ್ತು. ಮತ್ತೆ ಮಾರ್ಚಲ್ಲಿ ನಾವು ಇಲ್ಲೆಲ್ಲಿರ್ತೀವಿ? ಸರ್‌ಪ್ರೈಸು. ಟಿಕೆಟ್ ಆಗಿದೆ, ಅಡಿಲೇಡ್. ನಿನ್ ಬರ್ತ್‌ಡೇ ಕ್ಲೇರಲ್ಲೇ."

"ಕಾರು?"

"ಅದೂ ಬುಕ್ ಆಯ್ತು. ಆಟೋಮ್ಯಾಟಿಕ್ಕೇ ತಗೊಂಡಿದೀನಿ, ನಿಂಗೆ ಸುಲಭ ಆಗ್ಲಿ ಅಂತ."

ಯತಿರಾಜ್ ಗ್ಲಾಸು ಎತ್ತಿದ. "ಡ್ರೈವರ್ ಮೇಡಮ್ಮಿಗೆ ಚಿಯರ್ಸ್."

ಸುಜಯ್ ತನ್ನ ಗ್ಲಾಸನ್ನು ಅವಳ ಕಡೆಗೆ ಸರಿಸಿದ. ಅದರ ತಳದಲ್ಲಿ ಒಂದು ಗುಟುಕಿನಷ್ಟಿತ್ತು. ಅಂಚಿನಲ್ಲಿ ಬಜ್ಜಿ ತಿಂದ ತುಟಿಯ ಎಣ್ಣೆಯ ಗುರುತು. "ಮರ್ತಿಲ್ಲ ನೋಡು, ನಿಂಗೇ ಅಂತ ಉಳಿಸಿದೀನಿ."

"ಎಷ್ಟು ಸ್ವೀಟಪ್ಪಾ" ಎಂದಳು ನಿಸರ್ಗ. ಅವಳು ಮನಸಾರೆ ಹೇಳಿದ್ದಳು.

ನೀಲಾಳಿಗೆ ತನ್ನ ಮದುವೆಯ ಊಟದ ಪಂಕ್ತಿ ಕಣ್ಣಮುಂದೆ ಬಂತು. ಸುಜಯ್ ಉಂಡೆದ್ದ ಎಲೆಯ ಮುಂದೆ ಅವಳನ್ನು ಕೂರಿಸಿ, ಅವನು ಅರ್ಧ ತಿಂದುಬಿಟ್ಟ ಹೋಳಿಗೆ ತೋರಿಸಿ ಹೆಂಗಸರೆಲ್ಲ ನಕ್ಕಿದ್ದರು. ಅವಳೂ ನಕ್ಕಿದ್ದಳು. ಈಗ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹಿತ್ತಿಲ ಕಡೆಯಿಂದ ಎಣ್ಣೆ ಹೊಗೆಯ ಕಮಟು ಬಂತು. "ಬಜ್ಜಿ" ಎಂದು ಓಡಿದಳು.

ಅತಿಥಿಗಳನ್ನು ಸ್ಟೇಷನ್ನಿಗೆ ಬಿಟ್ಟು ನೀಲಾ ಮರಳಿದಾಗ ಸುಜಯ್ ಸೋಫಾದ ಮೇಲಿದ್ದ. ಆ ಗ್ಲಾಸಿಗೆ ಒಂದು ತಟ್ಟೆ ಮುಚ್ಚಿ ಸಿಂಕಿನ ಪಕ್ಕ ಇಟ್ಟಿದ್ದ. "ದಣಿದಿದೀಯ, ಈಗ ಬೇಡ. ಬೆಳಿಗ್ಗೆ ಫ್ರೆಶ್ಶಾಗಿ ನೋಡಿ ಏನೇನ್ ಬಂತು ಹೇಳು, ಪೋಸ್ಟ್ ಹಾಕ್ಬೇಕು. ನಂಗೆ ಪೆಟ್ರೋಲ್ ಬಿಟ್ಟು ಇನ್ನೊಂದು ಪದ ಹೊಳೀತಿಲ್ಲ."

ನೀಲಾ ಗ್ಲಾಸುಗಳನ್ನು ತೊಳೆಯತೊಡಗಿದಾಗ ಅತ್ತೆ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತರು. ಅವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಒಂದು ಗ್ಲಾಸು ಒರೆಸಿಟ್ಟರು.

"ನಮ್ಮನೇಲಿ ಮೊದಲನೇ ಡಿಕಾಕ್ಷನ್ ನಿಮ್ಮ ಮಾವನಿಗೆ" ಎಂದರು ಆಮೇಲೆ. "ಅದೇ ಪುಡಿಗೆ ಇನ್ನೊಂದ್ಸಲ ನೀರು ಹಾಕಿ ಇಳ್ಸಿದ್ದು ನನಗೆ. ಮದುವೆಯಾದಾಗಿಂದ ಹಾಗೇ. ಅವರು ಹೋದ ಮೇಲೆ ಒಂದಿನ ಬಾಗಿಲು ಹಾಕ್ಕೊಂಡು ಮೊದಲನೇದನ್ನ ಬಗ್ಗಿಸಿಕೊಂಡು ಕುಡಿದೆ ಕಣೆ."

"ಹೇಗಿತ್ತು ಅತ್ತೆ?"

"ಕಹಿ. ಸೇರಲಿಲ್ಲ. ಚೆಲ್ಲಿ, ಎರಡನೇದು ಇಳ್ಸಿಕೊಂಡೆ." ಭಾನುಮತಿ ಒಂದು ಗ್ಲಾಸನ್ನು ದೀಪಕ್ಕೆ ಹಿಡಿದು ನೋಡಿದರು. "ನೀನು ಅದನ್ನ ಕುಡಿದ್ಬಿಡು ನೀಲಾ. ಇಷ್ಟಾದ್ರೂ ಉಳಿಸಿದಾನಲ್ಲ."

ಅತ್ತೆ ಕೆಟ್ಟದ್ದು ಬಯಸಿ ಹೇಳಿದವರಲ್ಲ ಎಂಬುದೇ ನೀಲಾಳಿಗೆ ಹೆಚ್ಚು ಭಾರವಾಯಿತು.

ಭಾನುವಾರ ಅವಳು ಎಂದಿನಂತೆ ಕತ್ತಲಲ್ಲೇ ಎದ್ದಳು. ಎಂಟಕ್ಕೆ ಸ್ಮೃತಿಯ ಈಜಿನ ಕ್ಲಾಸು, ಕರೆದೊಯ್ಯಬೇಕು. ಫಿಲ್ಟರಿಗೆ ನೀರು ಹೊಯ್ದಳು. ಈಜಿನ ಬ್ಯಾಗಿಗೆ ಟವೆಲ್ ಹಾಕಿದಳು. ಮಿಕ್ಸಿ ಎತ್ತಿಕೊಂಡು ಕಪಾಟಿನೊಳಗೆ ಕುಳಿತು ಚಟ್ನಿ ರುಬ್ಬಿದಳು. ಸದ್ದು ನಿಂತ ಮೇಲೆ ಕೈ ತಾನಾಗಿ ಕೆಳಸಾಲಿನ ತುದಿಗೆ ಹೋಯಿತು. ಅಲ್ಲಿ ಖಾಲಿ ಗೂಡು ತಣ್ಣಗಿತ್ತು.

ಅಡುಗೆಮನೆಗೆ ಬಂದು ಆ ಗ್ಲಾಸಿನ ಮುಂದೆ ನಿಂತಳು. ಮೂಸಿದರೆ ಪದಗಳು ತಾವಾಗಿ ಬರುತ್ತವೆ, ಅದು ಅವಳಿಗೆ ಗೊತ್ತು. ಬಂದರೆ ಅವನು ಕೇಳುತ್ತಾನೆ, ಕೇಳಿದರೆ ಹೇಳಿಬಿಡುತ್ತಾಳೆ. ಎಂಟು ವರ್ಷದ ರೂಢಿ. ಮೂಸದಿದ್ದರೆ, ನಿನ್ನೆ ಬಾಗಿದಾಗ ಸುಳಿದ ಸೀಮೆಎಣ್ಣೆ, ನಿಂಬೆಸಿಪ್ಪೆಯ ಆಚೆಗೆ ಅವನಿಗೆ ಹೇಳಲು ಏನೂ ಇರುವುದಿಲ್ಲ. ಆದರೆ ಇನ್ನೆಲ್ಲೂ ಸಿಗದ ಆ ಬಾಟಲಿ ಕೊನೆಗೆ ಏನಾಗಿತ್ತೆಂದು ಅವಳಿಗೂ ಯಾವತ್ತೂ ತಿಳಿಯುವುದಿಲ್ಲ. ಮಾರ್ಚಿನಲ್ಲಿ ಕಾರು ಓಡಿಸುವವಳು ಅವಳೇ. ಅದೂ ಗೊತ್ತಿತ್ತು. ಅದರಲ್ಲಿ ಇದರಿಂದ ಏನೂ ಬದಲಾಗುವುದಿಲ್ಲ.

ಮಾಳಿಗೆಯಲ್ಲಿ ಯಾರೋ ಮಗ್ಗುಲು ಬದಲಿಸಿದ ಸದ್ದಾಯಿತು.

ಮುಚ್ಚಿದ ತಟ್ಟೆ ತೆಗೆಯುವ ಮೊದಲು ನೀಲಾ ಉಸಿರು ಬಿಗಿಹಿಡಿದಳು. ಗ್ಲಾಸನ್ನು ಸಿಂಕಿನ ತೂತಿನ ಮೇಲೆಯೇ ಬಗ್ಗಿಸಿದಳು. ನಲ್ಲಿ ತಿರುಗಿಸಿ, ಬಿಸಿನೀರು ಬರುವವರೆಗೂ ಹಾಗೇ ನಿಂತಳು, ಉಸಿರೆಳೆಯದೆ.