ಫೆಲಿಮ್ ಟೂಹಿಯ ಮನೆಯ ಸರದಿ

ಐರ್ಲೆಂಡಿನ ರಾಸ್‌ಕಾಮನ್ ಸೀಮೆಯ ಆ ಹಳ್ಳಿಯಲ್ಲಿ ಸ್ಟೇಷನ್ ಎಂದರೆ ರೈಲು ನಿಲ್ಲುವ ಜಾಗವಲ್ಲ, ಪಾದ್ರಿ ನಿಲ್ಲುವ ಜಾಗ. ವಸಂತಕ್ಕೊಮ್ಮೆ, ಶರತ್ಕಾಲಕ್ಕೊಮ್ಮೆ, ಸರದಿಯ ಪ್ರಕಾರ ಯಾರದಾದರೂ ಅಡುಗೆಮನೆಯಲ್ಲಿ ಚರ್ಚಿನ ಬಲಿಪೂಜೆ, ಅಂದರೆ ಮಾಸ್, ನಡೆಯುತ್ತದೆ. ಆಮೇಲೆ ನೆರೆಹೊರೆಗೆಲ್ಲ ತಿಂಡಿ. ಆ ಸರದಿ ಅರವತ್ತೇಳು ವರ್ಷದಿಂದ ಫೆಲಿಮ್ ಟೂಹಿಯ ಮನೆಯನ್ನು ಹಾರಿಕೊಂಡೇ ಹೋಗುತ್ತಿತ್ತು.

ಎರಡನೇ ಮಹಾಯುದ್ಧದಲ್ಲಿ ಐರ್ಲೆಂಡ್ ತಟಸ್ಥವಾಗಿ ಕುಳಿತಿದ್ದಾಗ ಅದರ ಸಿಪಾಯಿ ಫೆಲಿಮ್‌ಗೆ ಕೂರಲಾಗಲಿಲ್ಲ. ಬ್ಯಾರಕ್ಕು ಬಿಟ್ಟು, ಗಡಿ ದಾಟಿ, ಬ್ರಿಟಿಷರ ಸೈನ್ಯ ಸೇರಿದ. ಇಟಲಿಯಲ್ಲಿ ಜರ್ಮನರೊಡನೆ ಕಾದಾಡಿ, ಎರಡು ಬೆರಳು ಅಲ್ಲೇ ಬಿಟ್ಟು ಬಂದ. ಗೆದ್ದು ಬಂದವನ ಹೆಸರನ್ನು ಸರ್ಕಾರ ಓಡಿಹೋದವರ ಪಟ್ಟಿಗೆ ಸೇರಿಸಿ, ಏಳು ವರ್ಷ ರಸ್ತೆಗೆ ಜಲ್ಲಿ ಹಾಕುವ ಕೆಲಸವನ್ನೂ ಕೊಡಲಿಲ್ಲ. ಏಳು ವರ್ಷ ಮುಗಿಯಿತು. ಊರಿನ ಶಿಕ್ಷೆಗೆ ಅವಧಿಯೇ ಇರಲಿಲ್ಲ.

ಹೆಂಡತಿ ನೋರೀನ್ ಪ್ರತಿ ಸರದಿಗೂ ಗೋಡೆಗೆ ಸುಣ್ಣ ಬಳಿದು ಕಾಯುತ್ತಿದ್ದಳು. “ಮುಂದಿನ ಸಲ ಬರ್ತಾರಂತೆ,” ಎನ್ನುತ್ತಿದ್ದಳು. ಹಾಗೆನ್ನುತ್ತಲೇ ಹನ್ನೊಂದು ವರ್ಷದ ಹಿಂದೆ ತೀರಿಕೊಂಡಳು.

ಎರಡು ಸಾವಿರದ ಹದಿಮೂರರ ಮೇ ತಿಂಗಳಲ್ಲಿ ಸರ್ಕಾರ ಓಡಿಹೋದವರನ್ನೆಲ್ಲ ಕ್ಷಮಿಸಿತು. ಮೂರು ವಾರಕ್ಕೆ, ಸರದಿಯ ಪಟ್ಟಿ ಬರೆಯುವ ಡೆಕ್ಲನ್ ಕೀವ್ನಿ ಟೋಪಿ ಹಿಸುಕುತ್ತಾ ಬಾಗಿಲಲ್ಲಿ ನಿಂತ.

“ಅಕ್ಟೋಬರ್ ಸ್ಟೇಷನ್ನು ನಿಮ್ಮನೇಲಿ ಮಾಡೋಣ ಅಂತ, ಫೆಲಿಮಣ್ಣ.”

“ಅಡ್ಡಿಯಿಲ್ಲ ಕಣೋ, ಸರ್ಕಾರಕ್ಕಿಂತ ಬರೀ ಮೂರು ವಾರ ಲೇಟು.” ತೊಂಬತ್ತೆರಡರ ಫೆಲಿಮ್ ನಗಲಿಲ್ಲ. “ನೋಡು, ನಾನು ಓಡಿದ್ದು ನಿಜ. ಆಣೆ ಇಟ್ಟಿದ್ದೆ, ಮುರಿದೆ. ಕ್ಷಮಿಸಿದ್ರು, ಸರಿ. ನೋರೀನ್ ಯಾವ ಸೈನ್ಯ ಬಿಟ್ಟು ಓಡಿದ್ಲು?”

ಡೆಕ್ಲನ್ ನೆಲ ನೋಡಿದ. “ಮೊದಲು ಪಟ್ಟಿ ಬರೀತಿದ್ದದ್ದು ಅಪ್ಪ. ಅವರು ಹೋದ್ಮೇಲೆ ನಾನು ಹಳೇದನ್ನೇ ನಕಲು ಮಾಡ್ದೆ.”

“ಹಾಗಾದ್ರೆ ತಪ್ಪು ಪೆನ್ನಿಂದು.”

“ಇಲ್ಲ, ನಂದೇ. ನೋರೀನಕ್ಕ ಬಂದು ಕೇಳಿದ್ರು. ಮುಂದಿನ ಸಲ ಅಂತ ಹೇಳಿ ಕಳಿಸ್ದೆ. ಪ್ರತಿ ಸಲವೂ.”

ಅವಳು ಕೇಳಲು ಹೋಗುತ್ತಿದ್ದಳೆಂಬುದು ಫೆಲಿಮ್‌ಗೆ ಅವತ್ತೇ ಗೊತ್ತಾದದ್ದು.

“ಅದನ್ನ ಕ್ಷಮಿಸೋದು ನನ್ನ ಕೈಲಿಲ್ಲಪ್ಪ. ಸಮಾಧಿ ಹತ್ರ ಹೋಗಿ ಅವಳಿಗೇ ಹೇಳು. ಆಮೇಲೆ ಪಟ್ಟೀಲಿ ಬರಿ. ನನ್ನ ಹೆಸರಲ್ಲ, ಅವಳದು.”

ಅಕ್ಟೋಬರಿನ ಮೊದಲ ಭಾನುವಾರ ಪಾದ್ರಿ ಚರ್ಚಿನಲ್ಲಿ ಓದಿದರು: “ಈ ಸಲದ ಸ್ಟೇಷನ್, ನೋರೀನ್ ಟೂಹಿಯವರ ಮನೆಯಲ್ಲಿ.”

ತಲೆಗಳು ಹಿಂದಕ್ಕೆ ತಿರುಗಿದವು. ಕೊನೆಯ ಬೆಂಚಿನಲ್ಲಿ ಫೆಲಿಮ್ ಮುಂದಿನ ಬೆಂಚನ್ನು ಹಿಡಿದು ಎದ್ದು ನಿಂತ.

“ಎಲ್ಲರೂ ಬನ್ನಿ,” ಎಂದ.