ಬಲಗೈಗೆ ಸುತ್ತಿದ ಬಟ್ಟೆ

ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಲ್ಲಿ ತೊಟ್ಟು ಬಿಡಿಸುತ್ತಲೇ ಪ್ರಾಯ ಸವೆಸಿದ ಕುಲ್ಸುಮಬಿಗೆ, ಕೈಯ ಉರಿಯು ಕೂಲಿಯೊಡನೆಯೇ ಮನೆಗೆ ಬರುವ ಸಂಗಾತಿಯಾಗಿತ್ತು. ಸಂಜೆ ಮಗಳು ಜರೀನಾ ತಾಯಿಯ ಕೈಗಳಿಗೆ ಕೊಬ್ಬರಿ ಎಣ್ಣೆ ಸವರಿ, ಹಳೆಯ ಹತ್ತಿಬಟ್ಟೆ ಸುತ್ತುವಳು. ಆ ಓಣಿಯ ಹೆಂಗಸರೆಲ್ಲರೂ ಬಲ್ಲ ಉಪಚಾರ ಅದೊಂದೇ.

ಆ ಉಪಚಾರವೇ ತಾಯಿಯ ಕೈಯನ್ನು ತಿಂದಿತೆಂದು ಜರೀನಾ ನಂಬಿದ್ದಳು. ಹಿಂದಿನ ವರ್ಷ ಜ್ವರ ಏರಿ ಕುಲ್ಸುಮಬಿಯನ್ನು ರಾಣೆಬೆನ್ನೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ, ಸಲಾಯಿನ್ ಹಚ್ಚಿದ ಬಲಗೈ ಉರಿಯತೊಡಗಿತು. ಮೆಣಸಿನಕಾಯಿಯ ಉರಿಯೇ ಇದ್ದೀತೆಂದು ತಾಯಿಮಗಳಿಬ್ಬರೂ ಬಗೆದರು. ಜರೀನಾ ಎಣ್ಣೆ ಸವರಿ, ಸೂಜಿಯ ಮೇಲಿಂದಲೇ ಬಟ್ಟೆ ಸುತ್ತಿದಳು. ಮರುದಿನ ಬಿಚ್ಚಿ ನೋಡಿದರೆ ಕೈ ಬಾತು ಕಪ್ಪಿಟ್ಟಿತ್ತು. ಔಷಧವು ರಕ್ತನಾಳವನ್ನು ಬಿಟ್ಟು ಮಾಂಸಕ್ಕೆ ಇಳಿದಿತ್ತು. ಮೂರು ಬೆರಳು ಉಳಿಯಲಿಲ್ಲ. ಅಂದಿನಿಂದ ಜರೀನಾ ಎಣ್ಣೆಯ ಬಟ್ಟಲನ್ನು ಮುಟ್ಟಲಿಲ್ಲ. ತಾಯಿಯ ಆ ಕೈಯತ್ತ ಕಣ್ಣೆತ್ತಿ ನೋಡಲೂ ಇಲ್ಲ.

ಕುಲ್ಸುಮಬಿ ಹಾವೇರಿಯ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟದ್ದು ಇದಕ್ಕಾಗಿಯೇ: ತಪ್ಪು ಯಾರದೆಂದು ಬಲ್ಲವರು ಹೇಳಲಿ, ಮಗಳ ಎದೆಯ ಕಲ್ಲು ಇಳಿಯಲಿ. ಬಟ್ಟೆಯ ಮಾತನ್ನು ಕುಲ್ಸುಮಬಿ ತಾನಾಗಿ ಎತ್ತಬಾರದೆಂದು ವಕೀಲೆ ನಿರ್ಮಲಾ ಎಚ್ಚರಿಸಿದಳು. ಎತ್ತಿದರೆ ಆಸ್ಪತ್ರೆಯವರು ಅದರ ಹಿಂದೆ ಅಡಗುವರು.

“ಅದನ್ನ ಮುಚ್ಚಿಟ್ಟು ಗೆದ್ರ, ಮಗಳಿಗೆ ಏನಂತ ಹೇಳ್ಲಿ ಅಕ್ಕಾರ?” ಎಂದಳು ಕುಲ್ಸುಮಬಿ.

ವಿಚಾರಣೆಯ ದಿನ ದೇವರ ಮೇಲೆ ಪ್ರಮಾಣ ಮಾಡಿ, ಎಣ್ಣೆ, ಬಟ್ಟೆ, ಎಲ್ಲವನ್ನೂ ಹೇಳಿಬಿಟ್ಟಳು. ಹಿಂದಿನ ಬೆಂಚಿನಲ್ಲಿ ಜರೀನಾ ಸೆರಗಿನಲ್ಲಿ ಮುಖ ಮುಚ್ಚಿದಳು. ಸೂಜಿಯನ್ನು ಮರೆಮಾಡಿದವರು ನೀವೇ ಅಲ್ಲವೇ ಎಂದು ಆಸ್ಪತ್ರೆಯ ವಕೀಲರು ಕೇಳಿದಾಗ, ಕುಲ್ಸುಮಬಿ ಹೌದೆಂದಳು.

ಆಗ ಆಯೋಗದ ಅಧ್ಯಕ್ಷರು, ಬೆಳಗಿನತನಕ ಸಿಸ್ಟರ್ ಯಾರೂ ಬರಲಿಲ್ಲವೇ ಎಂದು ವಿಚಾರಿಸಿದರು.

“ಬಂದಿದ್ರುರಿ ಸಾಹೇಬ್ರ. ಬಾಟ್ಲಿ ಬದ್ಲಿ ಮಾಡಿ ಹೋದ್ರು. ‘ಏನಬೇ, ಕೈಗೂ ಒಗ್ಗರಣಿ ಹಾಕಿಸ್ಕೊಂಡೀಯೇನು’ ಅಂತ ಒಬ್ಬಾಕಿ ನಕ್ಕಳು. ಕೈಗೆ ಸುತ್ತಿದ್ದ ಅರಿವಿ ಮಾತ್ರ ಯಾರೂ ಬಿಚ್ಚಲಿಲ್ರಿ.”

ಅಧ್ಯಕ್ಷರು ಆ ಮಾತನ್ನು ದಾಖಲೆಗೆ ಬರೆಸಿದರು.

ಕೆಲವು ತಿಂಗಳ ಮೇಲೆ ಆದೇಶ ಬಂದಿತು. ಬಟ್ಟೆ ಸುತ್ತಿದ್ದು ರೋಗಿಯ ಕಡೆಯವರ ಅರಿಯದ ಅಕ್ಕರೆ; ಪ್ರತಿ ಬಾಟಲಿ ಬದಲಿಸುವಾಗಲೂ ಸೂಜಿಯ ಜಾಗವನ್ನು ಬಿಚ್ಚಿ ನೋಡುವುದು ಆಸ್ಪತ್ರೆಯ ಹೊಣೆ; ಬಟ್ಟೆಯನ್ನು ಕಂಡೂ ಕೈಯನ್ನು ನೋಡದಿದ್ದುದೇ ನಿರ್ಲಕ್ಷ್ಯ; ಆದುದರಿಂದ ಪರಿಹಾರ ಕೊಡತಕ್ಕದ್ದು. ನಿರ್ಮಲಾ ಓದಿ ಮುಗಿಸುವಷ್ಟರಲ್ಲಿ ಕುಲ್ಸುಮಬಿ ತಡೆದು, ಪಕ್ಕದಲ್ಲಿದ್ದ ಮಗಳನ್ನು ತೋರಿಸಿ, “ಆ ಅಕ್ಕರೆ ಅಂದದ್ದು ಇನ್ನೊಮ್ಮೆ ಓದ್ರಿ, ಈಕಿ ಕೇಳ್ಲಿ” ಎಂದಳು.

ಆ ಸಂಜೆ ಜರೀನಾ ಗೋಡೆಯ ಮಾಡದಿಂದ ಎಣ್ಣೆಯ ಬಟ್ಟಲು ಇಳಿಸಿ, ತಾಯಿಯ ಮುಂದೆ ಕುಳಿತಳು. ತಾಯಿ ತೊಟ್ಟು ಬಿಡಿಸುವ ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಕೈಯಲ್ಲಿ ಉರಿ ಇರಲಿಲ್ಲ. ಆದರೂ ಕುಲ್ಸುಮಬಿ ಬಲಗೈ ಚಾಚಿದಳು.